ಪ್ರಾಚೀನ ನಾಣ್ಯಗಳ ಮೇಲಿನ ಗಾಯಗಳ ವಿಚಾರ

(ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ನಡೆದ ಉಪನ್ಯಾಸ)

 

ಮಠಗಳ ಭಂಡಾರಗಳಲ್ಲಿಯೂ ಗೃಹಸ್ಥರ ದೇವರ ಜಗಲಿಯ ಮೇಲೆಯೂ ತಲೆತಲಾಂತರದಿಂದ ಬಂದ ಹಳೆಯ ನಾಣ್ಯಗಳು ಇರುವುದು ಸರ್ವವಿದಿತವಾದ ಸಂಗತಿ. ಕಾಣಿಕೆಯಾಗಿ ಬಂದುವು ಕೆಲವು. ಹೊಲವನ್ನು ಉಳುವಾಗ ಸಿಕ್ಕಿದುವು ಕೆಲವು. ತವರಿನಿಂದ ಬಳುವಳಿಯಾಗಿ ಬಂದುವು ಮತ್ತೆ ಕೆಲವು. ಇವನ್ನು ಕೈಗೆ ತೆಗೆದುಕೊಂಡು ನೋಡಿದರೆ ಸ್ವಲ್ಪವೂ ಊನವಿಲ್ಲದ ನಾಣ್ಯವು ದೊರೆಯುವುದು ಅಪರೂಪ. ಒಂದರ ಮೇಲೆ ಉದ್ದನೆಯ ಗೀರು, ಇನ್ನೊಂದರಲ್ಲಿ ತೂತು, ಮತ್ತೊಂದರ ಅಂಚು ಸೀಳಿರುವುದು, ಮಗುದೊಂದರ ಮೈಯೆಲ್ಲ ಗುಳಿ ಬಿದ್ದಿರುವುದು. ನೋಡಿದವರು ಒಡನೆಯೇ ಒಂದು ತೀರ್ಪನ್ನು ಹೇಳಿಬಿಡುವರು: ಕಳ್ಳರು ಕೆರೆದಿದ್ದಾರೆ, ಶತ್ರುಗಳು ಕಡಿದಿದ್ದಾರೆ, ಮಣ್ಣು ತಿಂದಿದೆ, ಇಲ್ಲವೆ ಇದು ಖೋಟಾ ನಾಣ್ಯ.

ತೀರ್ಪು ಸುಲಭ, ಅದರ ಫಲವು ಸುಲಭವಾದುದಲ್ಲ. ಖೋಟಾ ಎಂದು ಹೇಳಿಸಿಕೊಂಡ ನಾಣ್ಯವು ಅಕ್ಕಸಾಲೆಯ ಮೂಸೆಯನ್ನು ಸೇರುತ್ತದೆ. ಮಣ್ಣು ತಿಂದಿದೆ ಎಂದು ಹೇಳಿಸಿಕೊಂಡುದು ಹುಣಸೆಹಣ್ಣಿನ ತಿಕ್ಕಾಟಕ್ಕೆ ಒಳಗಾಗುತ್ತದೆ. ಎರಡು ಸಾವಿರ ವರ್ಷ ಉಳಿದು ಬಂದ ಸಾಕ್ಷ್ಯವು ಒಂದು ಗಳಿಗೆಯಲ್ಲಿ ಅಳಿದುಹೋಗುತ್ತದೆ. ಆದುದರಿಂದ ನಾಣ್ಯದ ಮೇಲಿನ ಗಾಯವು ಯಾತರಿಂದ ಆಯಿತೆಂಬುದನ್ನು ಕ್ರಮವಾಗಿ ವಿಚಾರಿಸುವ ಬಗೆಯನ್ನು ತಿಳಿದಿರುವುದು ಭಂಡಾರವನ್ನು ಕಾಯುವವರಿಗೂ ಮನೆವಾರ್ತೆಯನ್ನು ನಡೆಸುವವರಿಗೂ ಉಚಿತವಾದುದು. ಈ ವಿಚಾರದಲ್ಲಿ ಕೇಳತಕ್ಕ ಪ್ರಶ್ನೆಗಳು ನಾಲ್ಕು. ಲೋಹ ಯಾವುದು? ಗುರುತು ಉಬ್ಬಾಗಿದೆಯೋ ತಗ್ಗಾಗಿದೆಯೋ? ಅದು ಆದ ಕಾಲ ಯಾವುದು? ಅದು ಎಲ್ಲಿ, ಎಷ್ಟು ನಾಣ್ಯಗಳಲ್ಲಿ ಕಾಣುತ್ತದೆ? ಈ ನಾಲ್ಕಕ್ಕೂ ಉತ್ತರ ದೊರೆತ ಮೇಲೆಯೇ 'ಯಾರು', 'ಏತಕ್ಕೆ' ಎಂಬ ಮಾತು.

ಮೊದಲನೆಯದು ಲೋಹ. ಅಪ್ಪಟ ಚಿನ್ನವನ್ನು ಗಾಳಿಯಾಗಲಿ ನೀರಾಗಲಿ ಮಣ್ಣಾಗಲಿ ತಿನ್ನಲಾರದು. ಸಾವಿರ ವರ್ಷ ನೆಲದಲ್ಲಿದ್ದರೂ ಚಿನ್ನದ ನಾಣ್ಯವು ಹುಗಿದ ದಿನದ ಬಣ್ಣದಲ್ಲಿಯೇ ಮೇಲಕ್ಕೆ ಬರುತ್ತದೆ. ಆದುದರಿಂದ ಅಂಥ ನಾಣ್ಯದ ಮೇಲೆ ಗುಳಿಯೋ ಗೀರೋ ಇದ್ದರೆ ಮಣ್ಣಿನ ಮೇಲೆ ತಪ್ಪನ್ನು ಹೊರಿಸಲಾಗದು. ಬೆಳ್ಳಿಯ ಸ್ವಭಾವ ಬೇರೆ. ಗಾಳಿಯಲ್ಲಿರುವ ಗಂಧಕದ ಅಂಶದಿಂದ ಅದು ಕಪ್ಪಾಗುತ್ತದೆ. ಉಪ್ಪು ನೆಲದಲ್ಲಿ ಬಹುಕಾಲವಿದ್ದರೆ ಅದರ ಮೇಲೆ ಮೇಣದಂಥ ಬೂದುಬಣ್ಣದ ಪೊರೆಯೊಂದು ಕಟ್ಟಿಕೊಳ್ಳುತ್ತದೆ. ತಾಮ್ರವಂತೂ ಕಿಲುಬು ಹಿಡಿಯುವುದು ಎಲ್ಲರೂ ಕಂಡ ವಿಷಯವೇ. ಆದರೆ ಕಿಲುಬಿನಲ್ಲಿಯೂ ಎರಡು ಬಗೆಗಳುಂಟೆಂಬುದನ್ನು ಬಹುಮಂದಿ ಗಮನಿಸಿರಲಾರರು. ಗಟ್ಟಿಯಾಗಿ ನುಣುಪಾಗಿ ಕಡುಹಸುರಾಗಿ ಅಂಟಿಕೊಂಡಿರುವುದು ಒಂದು ಬಗೆ. ಅದು ನಾಣ್ಯಕ್ಕೆ ಕವಚವಿದ್ದಂತೆ. ಅದರ ಕೆಳಗೆ ಅಕ್ಷರಗಳು ಭದ್ರವಾಗಿರುತ್ತವೆ. ತಿಳಿಹಸುರಾಗಿ ಪುಡಿಪುಡಿಯಾಗಿ ಉದುರುತ್ತ, ಒರೆಸಿದರೂ ಕೆಲವು ದಿನಗಳಲ್ಲಿ ಮತ್ತೆ ಹುಟ್ಟುವುದು ಇನ್ನೊಂದು ಬಗೆ. ಇದು ರೋಗ. ಉಪ್ಪಿನ ಕ್ಲೋರೈಡ್ ಅಂಶವು ತಾಮ್ರದೊಳಗೆ ಸೇರಿ, ಗಾಳಿಯ ತೇವ ಮತ್ತು ಆಮ್ಲಜನಕಗಳ ಸಹಾಯದಿಂದ ಆಮ್ಲವನ್ನು ಹುಟ್ಟಿಸುತ್ತ, ಆ ಆಮ್ಲವು ಮತ್ತಷ್ಟು ತಾಮ್ರವನ್ನು ತಿನ್ನುತ್ತ ಹೋಗುತ್ತದೆ. ಇಂಥ ನಾಣ್ಯವನ್ನು ಉಳಿದುವುಗಳಿಂದ ಬೇರ್ಪಡಿಸಿ ಒಣಗಿದ ಸ್ಥಳದಲ್ಲಿಟ್ಟು, ಬಲ್ಲವರಿಗೆ ತೋರಿಸತಕ್ಕುದು.

ಲೋಹದ ಸವಕಳಿಯಿಂದಾದ ಗುಳಿಗೆ ದಿಕ್ಕೆಂಬುದಿಲ್ಲ. ಅದರ ಅಂಚು ಅಂಕುಡೊಂಕು, ತಳ ಒರಟು. ಎರಕ ಹೊಯ್ದು ಮಾಡಿದ ಕಳ್ಳನಾಣ್ಯದಲ್ಲಿಯೂ ಗುಳಿಗಳಿರುವುದುಂಟು. ಆದರೆ ಅವು ಕರಗಿದ ಲೋಹದೊಳಗೆ ಸಿಕ್ಕಿಕೊಂಡ ಗಾಳಿಗುಳ್ಳೆಗಳ ಗುರುತುಗಳಾದ ಕಾರಣ ದುಂಡಗೆ ನುಣುಪಾಗಿರುತ್ತವೆ. ಅಕ್ಷರಗಳ ಮೂಲೆಗಳೂ ಮೊಂಡಾಗಿ ತೋರುತ್ತವೆ. ಈ ಭೇದವನ್ನರಿಯದೆ, ಮಣ್ಣು ತಿಂದ ಸಾಚಾ ನಾಣ್ಯವನ್ನು ಖೋಟಾ ಎಂದು ಕರಗಿಸಿದವರೂ, ಎರಕದ ಖೋಟಾ ನಾಣ್ಯವನ್ನು ಮಣ್ಣು ತಿಂದುದೆಂದು ಪೂಜಿಸಿದವರೂ ಉಂಟು.

ಎರಡನೆಯದು ಉಬ್ಬು ತಗ್ಗುಗಳ ವಿಚಾರ. ಯಂತ್ರಗಳು ಬರುವ ಮುನ್ನ ಕಮ್ಮಟದಲ್ಲಿ ನಾಣ್ಯವನ್ನು ಕೈಯಿಂದಲೇ ಅಚ್ಚೊತ್ತುತ್ತಿದ್ದರು. ಕೆಳಗಿನ ಅಚ್ಚಿನ ಮೇಲೆ ಲೋಹದ ಬಿಲ್ಲೆಯನ್ನಿಟ್ಟು, ಮೇಲಿನ ಅಚ್ಚನ್ನು ಅದರ ಮೇಲೆ ಹಿಡಿದು, ಸುತ್ತಿಗೆಯಿಂದ ಹೊಡೆಯುವುದು ಆ ಕ್ರಮ. ಸಾವಿರಾರು ಏಟುಗಳನ್ನು ತಿಂದ ಅಚ್ಚು ಕೊನೆಗೆ ಬಿರಿಯುತ್ತದೆ. ಬಿರಿದ ಅಚ್ಚಿನಿಂದ ಹೊಡೆದಾಗ ಬಿಲ್ಲೆಯ ಲೋಹವು ಆ ಬಿರುಕಿನೊಳಕ್ಕೆ ನುಗ್ಗುವುದರಿಂದ ನಾಣ್ಯದ ಮೇಲೆ ಉಬ್ಬಿದ ಗೆರೆಯೊಂದು ಮೂಡುತ್ತದೆ. ಗಾಯವಾದರೋ ತಗ್ಗಾಗಿರುತ್ತದೆ. ಆದುದರಿಂದ ಉಬ್ಬಿದ ಗೆರೆಯನ್ನು ಕಂಡರೆ ಅದು ಹುಟ್ಟಿನ ಮಚ್ಚೆಯೆಂದು ತಿಳಿಯಬೇಕೇ ಹೊರತು ಯಾರೋ ಮಾಡಿದ ಅಪಚಾರವೆಂದು ಭಾವಿಸಬಾರದು. ಅಂಚಿನಿಂದ ನಡುವಿಗೆ ಹೋಗುವ ಸೀಳುಗಳೂ ಬಹುಮಟ್ಟಿಗೆ ಸುತ್ತಿಗೆಯ ಏಟಿಗೆ ಬಿಲ್ಲೆಯು ಹಿಗ್ಗಿ ಹರಿದುದರ ಗುರುತುಗಳೇ. ತೂಕ ಹೆಚ್ಚಾದ ಬಿಲ್ಲೆಯನ್ನು ಅಚ್ಚೊತ್ತುವ ಮೊದಲೇ ಅರದಿಂದ ಉಜ್ಜಿ ಸರಿಮಾಡುವ ಪದ್ಧತಿಯೂ ಹಲವು ಕಮ್ಮಟಗಳಲ್ಲಿ ಇದ್ದಿತು. ಅಂಥ ಗೀರುಗಳ ಮೇಲೆಯೇ ಅಚ್ಚು ಬಿದ್ದಿರುವುದರಿಂದ, ಅವು ಅಲ್ಲಲ್ಲಿ ಅಳಿಸಿದಂತಾಗಿರುತ್ತವೆ. ಅಚ್ಚೊತ್ತಿದ ಮೇಲೆ ಬಿದ್ದ ಗೀರು ಬಯಲನ್ನೂ ಚಿತ್ರವನ್ನೂ ಭೇದವೆಣಿಸದೆ ದಾಟಿಹೋಗುತ್ತದೆ.

ತಗ್ಗಾದ ಗೀರಿನಲ್ಲಿಯೂ ಆಯುಧವನ್ನು ಗುರುತಿಸಬಹುದು. ಹೊಲದಲ್ಲಿ ನೇಗಿಲು ಹೋದಾಗ ಸಾಲಿನ ಇಕ್ಕೆಲಗಳಲ್ಲಿಯೂ ಮಣ್ಣು ಏಳುವಂತೆ, ಉಳಿಯೋ ಚೂರಿಯೋ ಹಾಯ್ದಾಗ ಲೋಹವು ಎರಡು ಕಡೆಗೂ ಸರಿದು ಸಣ್ಣ ಬದುಗಳಾಗಿ ನಿಲ್ಲುತ್ತದೆ. ಅರವು ಹಾಗೆ ಮಾಡದು. ಅದು ಲೋಹವನ್ನು ತೆಗೆದುಹಾಕಿ, ತಗ್ಗಿನ ತಳದಲ್ಲಿ ಸರಿಸಮನಾದ ಸೂಕ್ಷ್ಮ ಗೆರೆಗಳನ್ನು ಬಿಡುತ್ತದೆ. ದೀಪವನ್ನು ನೇರವಾಗಿ ಮೇಲೆ ಹಿಡಿಯದೆ ನಾಣ್ಯದ ಒಂದು ಪಕ್ಕಕ್ಕೆ ತಗ್ಗಿಸಿ ಹಿಡಿದು, ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಭೂತಕನ್ನಡಿಯಿಂದ ನೋಡಿದರೆ ಈ ಬದುಗಳೂ ಗೆರೆಗಳೂ ನೆರಳಿನಿಂದಲೇ ಸ್ಪಷ್ಟವಾಗಿ ಕಾಣುವುವು.

ಮೂರನೆಯದು ಕಾಲ. ಗೀರು ಬಿದ್ದ ತರುವಾಯ ನಾಣ್ಯವು ಕೈಯಿಂದ ಕೈಗೆ ನಡೆದಾಡಿದ್ದರೆ ಆ ಬದುಗಳು ಸವೆದು ನುಣುಪಾಗಿರುತ್ತವೆ. ಗೀರು ಬಿದ್ದೊಡನೆಯೇ ನೆಲದೊಳಗೆ ಸೇರಿದ್ದರೆ ಬದುಗಳು ಹರಿತವಾಗಿಯೇ ಇದ್ದು, ಸುತ್ತಲಿನ ಕಿಲುಬು ಕಪ್ಪುಗಳು ಗೀರಿನ ತಳದಲ್ಲಿಯೂ ಒಂದೇ ಸಮನಾಗಿ ಹಬ್ಬಿರುತ್ತವೆ. ನಾಣ್ಯವನ್ನು ಅಗೆದು ತೆಗೆದವನ ಗುದ್ದಲಿಯೇ ತಾಕಿದ್ದರೆ, ಕಪ್ಪು ಮೈಯ ನಡುವೆ ಹೊಳೆಯುವ ಹೊಸ ಲೋಹವು ಕಣ್ಣಿಗೆ ಹೊಡೆಯುತ್ತದೆ. ಹೀಗೆ ನಡೆದಾಟದ ಕಾಲದ್ದು, ಹುಗಿಯುವ ಹೊತ್ತಿನದು, ತೆಗೆದ ದಿನದ್ದು ಎಂದು ಮೂರು ಕಾಲಗಳನ್ನು ಬೇರ್ಪಡಿಸಬಹುದಾಗಿದೆ. ಚಿನ್ನಕ್ಕೆ ಕಿಲುಬಿಲ್ಲದ ಕಾರಣ ಅಲ್ಲಿ ಬದುಗಳ ಸವೆತವೊಂದೇ ಆಧಾರ.

ನಾಲ್ಕನೆಯದು ಸ್ಥಾನ ಮತ್ತು ಸಂಖ್ಯೆ. ಆಕಸ್ಮಿಕವಾದ ಗಾಯವು ಎಲ್ಲಿ ಬೇಕಾದರೂ ಬೀಳಬಹುದು; ಉದ್ದೇಶವುಳ್ಳ ಗಾಯವು ಒಂದು ಸ್ಥಳವನ್ನು ಆರಿಸಿಕೊಳ್ಳುತ್ತದೆ. ತೂತನ್ನೇ ನೋಡಬಹುದು. ಹಾವೇರಿ ಜಿಲ್ಲೆಯ ಹಾನಗಲ್ಲು ತಾಲ್ಲೂಕಿನ ಅಕ್ಕಿಆಲೂರಿನಲ್ಲಿ ಉತ್ತರಕಾಲದ ರೋಮನ್ ಮತ್ತು ಬೈಜಾಂಟೈನ್ ಅರಸರ ಚಿನ್ನದ ನಾಣ್ಯಗಳ ನಿಧಿಯೊಂದು ದೊರೆತಿತು. ದಕ್ಷಿಣ ಭಾರತದಲ್ಲಿ ಸಿಕ್ಕಿರುವ ಈ ಬಗೆಯ ನಾಣ್ಯಗಳಲ್ಲಿ ಅರಸನ ತಲೆಯ ಮೇಲ್ಗಡೆ ಅಂಚಿನ ಬಳಿ ಎರಡು ತೂತುಗಳಿರುವುದು ಮತ್ತೆ ಮತ್ತೆ ಕಾಣುತ್ತದೆ. ಮುಖವು ನೇರವಾಗಿ ನಿಲ್ಲುವಂತೆ ಕೊರೆದ ಈ ಜೋಡಿ ತೂತುಗಳು ಒಡವೆಯಾಗಿ ಧರಿಸುವುದಕ್ಕೆ ಮಾಡಿದುವೆಂಬುದರಲ್ಲಿ ಸಂದೇಹಕ್ಕೆ ಎಡೆ ಕಡಿಮೆ. ಕಾಸಿನ ಸರವನ್ನು ಕಂಡ ಕನ್ನಡ ನಾಡಿನ ತಾಯಂದಿರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾದುದಿಲ್ಲ. ಕೊಂಡಿಯನ್ನು ಬೆಸುಗೆ ಹಾಕಿದ್ದಲ್ಲಿ ಅಂಚಿನ ಮೇಲೆ ಬೆಸುಗೆಯ ಲೋಹವು ಬೇರೆ ಬಣ್ಣದಲ್ಲಿ ಉಳಿದಿರುತ್ತದೆ.

ಹಾಗೆಯೇ ಚಿನಿವಾರರ ಗುರುತುಗಳು. ಭಾರತದ ಅತ್ಯಂತ ಪ್ರಾಚೀನವಾದ ಮುದ್ರಾಂಕಿತ ಬೆಳ್ಳಿಯ ನಾಣ್ಯಗಳಲ್ಲಿ, ಮಗಧ ಮತ್ತು ಮೌರ್ಯರ ಕಾಲದ ಬಗೆಯವುಗಳ ಒಂದು ಬದಿಯಲ್ಲಿ ಐದು ಚಿಹ್ನೆಗಳ ಗುಂಪಿರುತ್ತದೆ. ಇವು ನಾಣ್ಯದ ಸ್ವಂತ ಮುದ್ರೆಗಳು. ಇವಲ್ಲದೆ ಮೈಮೇಲೆ ಅಲ್ಲಲ್ಲಿ ಬಿದ್ದಿರುವ ಚಿಕ್ಕ ಚಿಕ್ಕ ಮುದ್ರೆಗಳನ್ನು ಹಣವನ್ನು ಪರೀಕ್ಷಿಸಿದವರ ಗುರುತುಗಳೆಂದು ವಿದ್ವಾಂಸರು ಬಹುಕಾಲದಿಂದ ಭಾವಿಸುತ್ತ ಬಂದಿದ್ದಾರೆ. ಮೊಗಲರ ಮತ್ತು ಕಂಪನಿಯ ಕಾಲದ ರೂಪಾಯಿಗಳ ಮೇಲೆಯೂ ಚಿನಿವಾರರು ಒತ್ತಿದ ಸಣ್ಣ ಮುದ್ರೆಗಳು ಹೇರಳವಾಗಿವೆ. ಅವು ಗಾಯಗಳಂತೆ ಕಂಡರೂ, 'ಪರೀಕ್ಷಿಸಲಾಗಿದೆ, ಒಪ್ಪಬಹುದು' ಎಂಬ ಮೂಕಸಾಕ್ಷಿಗಳು.

ಪರೀಕ್ಷೆಗಾಗಿ ಕಡಿದ ಗಾಯವು ಇನ್ನೊಂದು ಬಗೆ. ತಾಮ್ರದ ಬಿಲ್ಲೆಗೆ ಬೆಳ್ಳಿಯ ತಗಡನ್ನು ಹೊದಿಸಿ ಮಾಡಿದ ಕಳ್ಳನಾಣ್ಯಗಳು ರೋಮಿನ ಕಾಲದಿಂದಲೂ ಇದ್ದುವು. ಅಂಚಿನಲ್ಲಿ ಉಳಿಯಿಂದ ಒಂದು ಏಟು ಹಾಕಿದರೆ ಒಳಗಿನ ಕೆಂಪು ಲೋಹವು ಹೊರಬೀಳುತ್ತದೆ. ನಾಣ್ಯವನ್ನು ಕಡಿಯದೆಯೇ ಈ ಸಂಶಯವನ್ನು ಪರಿಹರಿಸಿಕೊಳ್ಳುವ ಉಪಾಯವೂ ಉಂಟು. ಬ್ರಿಟಿಷ್ ಭಾರತದಲ್ಲಿ 1835ರಿಂದ ನಡೆದ ಬೆಳ್ಳಿಯ ರೂಪಾಯಿಯ ತೂಕ 11.66 ಗ್ರಾಂ, ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. ಅದನ್ನು ನೂಲಿನಿಂದ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿದರೆ ಸುಮಾರು 1.13 ಗ್ರಾಂ ಕುಂದಬೇಕು. ಅಷ್ಟೇ ತೂಕದ ತಾಮ್ರವಾದರೆ ಕುಂದುವುದು 1.30 ಗ್ರಾಂ. ಸೂಕ್ಷ್ಮವಾದ ತಕ್ಕಡಿಯೊಂದಿದ್ದರೆ ಉಳಿಯ ಕೆಲಸವನ್ನು ನೀರೇ ಮಾಡಿಕೊಡುತ್ತದೆ. ಇಂದಿನ ಪ್ರಯೋಗಶಾಲೆಗಳಲ್ಲಿ ಕ್ಷ-ಕಿರಣಗಳಿಂದ ನಾಣ್ಯವನ್ನು ಮುಟ್ಟದೆಯೇ ಅದರ ಮೇಲ್ಮೈಯ ಲೋಹಗಳ ಪ್ರಮಾಣವನ್ನು ತಿಳಿಯುವ ಸಾಧನಗಳೂ ಇವೆ.

ಇಷ್ಟು ಪೀಠಿಕೆಯಾದ ಬಳಿಕ, ಈ ನಾಲ್ಕು ಪ್ರಶ್ನೆಗಳನ್ನು ಒಂದು ಪ್ರಸಿದ್ಧವಾದ ಉದಾಹರಣೆಗೆ ಅನ್ವಯಿಸಿ ನೋಡುವುದು ಯುಕ್ತ. ಕ್ರಿಸ್ತಶಕದ ಆದಿಯಲ್ಲಿ ರೋಮ್ ಸಾಮ್ರಾಜ್ಯಕ್ಕೂ ದಕ್ಷಿಣ ಭಾರತಕ್ಕೂ ಸಮುದ್ರವ್ಯಾಪಾರವು ಬಲವಾಗಿ ನಡೆದಿತ್ತು. ಮೆಣಸು, ಮುತ್ತು, ರತ್ನ, ನವಿರಾದ ಬಟ್ಟೆಗಳು ಹೋಗುತ್ತಿದ್ದುವು. ಚಿನ್ನ ಬೆಳ್ಳಿಯ ನಾಣ್ಯಗಳು ಬರುತ್ತಿದ್ದುವು. ಕರ್ನಾಟಕದಲ್ಲಿಯೇ ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿಯ ನಾಣ್ಯಗಳ ನಿಧಿಯು ಸಿಕ್ಕಿತು. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿಯೂ ರೋಮನ್ ನಾಣ್ಯವು ದೊರೆಯಿತು. ಆದರೆ ಇಲ್ಲಿ ಹೇಳತಕ್ಕ ನಿಧಿಯು 1898ರಲ್ಲಿ, ಇಂದು ತಮಿಳುನಾಡಿಗೆ ಸೇರಿರುವ ಪುದುಕ್ಕೋಟೈ ಸಂಸ್ಥಾನದಲ್ಲಿ ಬೆಳಕಿಗೆ ಬಂದುದು. ಅದರಲ್ಲಿ ಇದ್ದುವು 501 ಚಿನ್ನದ ನಾಣ್ಯಗಳು. ಅಗಸ್ಟಸ್‌ನಿಂದ ಹಿಡಿದು, ಕ್ರಿ.ಶ. 69ರಿಂದ 79ರ ವರೆಗೆ ಆಳಿದ ವೆಸ್ಪೇಸಿಯನ್ನನ ವರೆಗಿನ ಚಕ್ರವರ್ತಿಗಳ ಕಾಲದವು. ಬ್ರಿಟಿಷ್ ಮ್ಯೂಸಿಯಮ್ಮಿನ ವಿದ್ವಾಂಸರಾದ ಜಾರ್ಜ್ ಫ್ರಾನ್ಸಿಸ್ ಹಿಲ್ ಎಂಬವರು ಇವುಗಳ ವಿವರಣೆಯನ್ನು ಪ್ರಕಟಿಸಿದರು. ನೋಡಿದವರನ್ನೆಲ್ಲ ಬೆರಗುಗೊಳಿಸಿದುದು ಒಂದು ಸಂಗತಿ: ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಪಾಲಿನ ನಾಣ್ಯಗಳ ಮೇಲೆ ಚಕ್ರವರ್ತಿಯ ಮುಖಕ್ಕೆ ಅಡ್ಡಲಾಗಿ ಒಂದು ಕಚ್ಚು ಬಿದ್ದಿತ್ತು.

ಈ ಕಚ್ಚು ಯಾತರಿಂದ ಆಯಿತು? ಲೋಹವು ಚಿನ್ನ, ಆದುದರಿಂದ ಮಣ್ಣು ನಿರಪರಾಧಿ. ಗುರುತು ತಗ್ಗಾಗಿದೆ, ಪೂರ್ತಿಯಾಗಿ ಮೂಡಿದ ಮುಖವನ್ನು ದಾಟಿಹೋಗಿದೆ. ಆದುದರಿಂದ ಅಚ್ಚು ನಿರಪರಾಧಿ. ಬೇರೆ ಬೇರೆ ಚಕ್ರವರ್ತಿಗಳ ಆಳ್ವಿಕೆಯ ನಾಣ್ಯಗಳಲ್ಲಿ ಅದೇ ಗಾಯವು ಅದೇ ಸ್ಥಳದಲ್ಲಿದೆ. ಆದುದರಿಂದ ನೇಗಿಲಿನ ಕುಳವೂ ಗುದ್ದಲಿಯೂ ನಿರಪರಾಧಿಗಳು. ಆಕಸ್ಮಿಕವು ನಾಲ್ಕುನೂರಕ್ಕೂ ಮಿಕ್ಕ ಸಲ ಒಂದೇ ಮುಖವನ್ನು ಹುಡುಕಿಕೊಂಡು ಬಾರದು. ಇನ್ನು ಕಳ್ಳನೆಂದರೋ, ಚಿನ್ನವನ್ನು ಕದಿಯುವವನು ಯಾರ ಕಣ್ಣಿಗೂ ಬೀಳದಂತೆ ಅಂಚನ್ನು ಸುತ್ತಲೂ ಕತ್ತರಿಸುವನು. ನಟ್ಟನಡುವೆ ಎಲ್ಲರಿಗೂ ಕಾಣುವಂತೆ ಕಡಿದು, ಅತ್ಯಲ್ಪವಾದ ಚಿನ್ನವನ್ನು ಪಡೆಯಲಾರನು. ಅವನೂ ಬಿಡುಗಡೆಯಾದನು. ಉಳಿದುದು ಉದ್ದೇಶಪೂರ್ವಕವಾಗಿ, ಬಹಿರಂಗವಾಗಿ, ಒಂದು ಕಟ್ಟಳೆಯಂತೆ ಕೆಲಸಮಾಡಿದ ಮನುಷ್ಯನ ಕೈ. ಇಲ್ಲಿಯ ವರೆಗೆ ನಾಣ್ಯಗಳ ಸಾಕ್ಷ್ಯವು ನಿಸ್ಸಂದಿಗ್ಧವಾಗಿದೆ.

ಆ ಕೈಯ ಉದ್ದೇಶವೇನೆಂಬಲ್ಲಿ ಮೂರು ಮತಗಳು ಹುಟ್ಟಿವೆ. ಒಳಗೆ ಹೀನ ಲೋಹವಿದೆಯೋ ಎಂದು ಪರೀಕ್ಷಿಸಲು ಕಡಿದರೆಂಬುದು ಮೊದಲನೆಯದು. ಆದರೆ ಚಿನ್ನವನ್ನು ಒರೆಗಲ್ಲಿಗೆ ಹಚ್ಚಿ ತಕ್ಕಡಿಯಲ್ಲಿ ತೂಗಿದರೆ ಸಾಕಾಗಿರುವಾಗ, ಮುಖವನ್ನೇ ಆರಿಸಿ ಕಡಿಯುವ ಆವಶ್ಯಕತೆಯು ತೋರುವುದಿಲ್ಲ. ಪರೀಕ್ಷಕನಿಗೆ ಅಂಚೇ ಅನುಕೂಲ. ವಿಗ್ರಹದ್ವೇಷದಿಂದಲೋ ಪರದೇಶದ ಅರಸನ ಅಧಿಕಾರವನ್ನು ಒಲ್ಲದೆಯೋ ಮುಖವನ್ನು ಕೆಡಿಸಿದರೆಂಬುದು ಎರಡನೆಯದು. ಸ್ಥಾನದ ಆಯ್ಕೆಗೆ ಇದು ಸಮಾಧಾನವನ್ನು ಕೊಡುತ್ತದೆ. ಆದರೆ ದಕ್ಷಿಣದ ಬೇರೆ ಹಲವು ನಿಧಿಗಳಲ್ಲಿ ಅದೇ ಚಕ್ರವರ್ತಿಗಳ ಚಿನ್ನದ ನಾಣ್ಯಗಳು ಮುಖ ಕೆಡದೆಯೇ ದೊರೆತಿವೆ. ಆದುದರಿಂದ ಇದು ದೇಶದಲ್ಲೆಲ್ಲ ಹಬ್ಬಿದ ದ್ವೇಷವೆಂದು ಹೇಳುವುದು ಸಾಧ್ಯವಿಲ್ಲ. ಇವು ಇನ್ನು ನಾಣ್ಯಗಳಾಗಿ ನಡೆಯತಕ್ಕುವಲ್ಲ, ತೂಕದ ಚಿನ್ನ ಮಾತ್ರವೆಂದು ಸಾರುವುದಕ್ಕಾಗಿ ಕಡಿದರೆಂಬುದು ಮೂರನೆಯದು.

ಮೂರನೆಯ ಮತಕ್ಕೆ ಇತ್ತೀಚಿನ ಕಾಲದಲ್ಲಿಯೇ ಒಂದು ಹೋಲಿಕೆಯುಂಟು. 1906ರ ಭಾರತೀಯ ನಾಣ್ಯ ಕಾಯಿದೆಯು ತೂಕ ಕುಂದಿದ ಅಥವಾ ರೂಪಗೆಟ್ಟ ನಾಣ್ಯವು ತಮ್ಮ ಮುಂದೆ ಬಂದಾಗ ಅದನ್ನು ಕತ್ತರಿಸುವ ಅಧಿಕಾರವನ್ನು ನಿಯುಕ್ತರಾದವರಿಗೆ ಕೊಟ್ಟಿತ್ತು. ಆ ಕಾಯಿದೆಯಂತೆ ಕತ್ತರಿಸಲ್ಪಟ್ಟ ರೂಪಾಯಿಯೊಂದು ಸಾವಿರ ವರ್ಷಗಳ ಮೇಲೆ ದೊರೆತರೆ, ಅದನ್ನು ಕಂಡವರು ರಾಜದ್ರೋಹದ ಕಥೆಯನ್ನೇ ಕಟ್ಟಬಹುದು. ನಿಜವಾಗಿ ಅದು ರಾಜಾಜ್ಞೆಯ ಪಾಲನೆ. ಪುದುಕ್ಕೋಟೈಯ ಮತಗಳನ್ನು ಪರೀಕ್ಷಿಸುವ ದಾರಿಯೂ ಇಲ್ಲಿಯೇ ತೆರೆಯುತ್ತದೆ. ಸವೆದುದಕ್ಕಾಗಿಯೇ ಕಡಿದಿದ್ದರೆ, ಕಡಿದ ನಾಣ್ಯಗಳು ಕಡಿಯದೆ ಉಳಿದುವುಗಳಿಗಿಂತ ಹೆಚ್ಚು ಸವೆದಿರಬೇಕು. ಮುಖದ ಮೇಲಿನ ಹಗೆಯಿಂದ ಕಡಿದಿದ್ದರೆ ಸವೆತಕ್ಕೂ ಕಚ್ಚಿಗೂ ಸಂಬಂಧವಿರಲಾಗದು. ತಕ್ಕಡಿಯು ಇದನ್ನು ಹೇಳಬಲ್ಲುದು. ಆದರೆ ಹೋಲಿಸುವಾಗ ಒಬ್ಬನೇ ಚಕ್ರವರ್ತಿಯ ಒಂದೇ ಕಾಲದ ನಾಣ್ಯಗಳನ್ನು ಹೋಲಿಸಬೇಕು. ಏತಕ್ಕೆಂದರೆ ನೀರೋ ಚಕ್ರವರ್ತಿಯು ಕ್ರಿ.ಶ. 64ರಲ್ಲಿ ಚಿನ್ನದ ನಾಣ್ಯದ ತೂಕವನ್ನೇ ಸುಮಾರು 7.3 ಗ್ರಾಮಿಗೆ ಇಳಿಸಿದನು. ಅದನ್ನು ಮರೆತು ತೂಗಿದವನು ಕಮ್ಮಟದ ಕಡಿತವನ್ನು ಬಳಕೆಯ ಸವೆತವೆಂದು ಭ್ರಮಿಸುವನು.

ಈ ಉದಾಹರಣೆಯಿಂದ ಗ್ರಹಿಸತಕ್ಕ ತತ್ತ್ವವು ಒಂದೇ. ಗಾಯವು 'ಹೇಗೆ' ಆಯಿತೆಂಬುದನ್ನು ಲೋಹವು ಹೇಳುತ್ತದೆ. 'ಯಾವಾಗ' ಎಂಬುದನ್ನು ಕಿಲುಬೂ ಸವೆತವೂ ಹೇಳುತ್ತವೆ. 'ಏತಕ್ಕೆ' ಎಂಬುದನ್ನು ಒಂಟಿ ನಾಣ್ಯವು ಹೇಳಲಾರದು, ಜೊತೆಯಲ್ಲಿ ಸಿಕ್ಕಿದ ನಾಣ್ಯಗಳ ಸಮೂಹವು ಮಾತ್ರವೇ ಹೇಳಬಲ್ಲುದು. ಪುದುಕ್ಕೋಟೈಯ ಒಂದೇ ಒಂದು ನಾಣ್ಯವು ಬಿಡಿಯಾಗಿ ಯಾರ ಕೈಗಾದರೂ ಸಿಕ್ಕಿದ್ದರೆ, ಅದರ ಕಚ್ಚನ್ನು ಕುಳದ ಏಟೆಂದು ಹೇಳಿ ಮುಗಿಸಿಬಿಡುತ್ತಿದ್ದರು. ಐದುನೂರೂ ಒಟ್ಟಿಗೆ ಇದ್ದುದರಿಂದಲೇ ಸತ್ಯವು ಉಳಿಯಿತು. ಆದುದರಿಂದಲೇ ದೊರೆತ ನಿಧಿಯನ್ನು ಹಂಚಿಕೊಳ್ಳುವುದೂ ಮಾರುವುದೂ ವಿದ್ಯೆಗೆ ದ್ರೋಹ. ಅದನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ವಿಧಿಯು 1878ರ ನಿಧಿ ಕಾಯಿದೆಯಿಂದಲೂ ನಡೆದುಬಂದುದಾಗಿದೆ.

ಇನ್ನು ಭಕ್ತರು ಗಮನಿಸತಕ್ಕ ಮಾತು. ಹಳೆಯ ನಾಣ್ಯಗಳ ಮೇಲೆ ಕಾಣುವ ಗಾಯಗಳಲ್ಲಿ ಒಂದು ಬಗೆಯನ್ನು ಮಾಡಿದವರು ಕಳ್ಳರೂ ಅಲ್ಲ, ಶತ್ರುಗಳೂ ಅಲ್ಲ. ಅವನ್ನು ಪ್ರೀತಿಯಿಂದ ಇಟ್ಟುಕೊಂಡವರೇ. ಹುಣಸೆಹಣ್ಣಿನ ಹುಳಿಯು ಕಿಲುಬಿನ ಜೊತೆಗೆ ಅದರೊಳಗೆ ಅಡಗಿದ್ದ ಅಕ್ಷರವನ್ನೂ ಕರಗಿಸುತ್ತದೆ. ಬೂದಿಯು ಮೈಯೆಲ್ಲ ಕೂದಲೆಳೆಯಂಥ ಗೀರುಗಳನ್ನು ಎಳೆಯುತ್ತದೆ. ಬೆಳ್ಳಿಯ ಪೂಜಾಪಾತ್ರೆಗಳನ್ನು ವಿಭೂತಿಯಿಂದ ತಿಕ್ಕಿ ಹೊಳಪುಗೊಳಿಸುವುದು ಮನೆಮನೆಯ ವಾಡಿಕೆ. ನಿತ್ಯವೂ ಬಳಸುವ ಪಾತ್ರೆಗೆ ಅದು ಸರಿಯೇ. ಹಳೆಯ ನಾಣ್ಯಕ್ಕೆ ಅದೇ ಉಪಚಾರವನ್ನು ಮಾಡಿದರೆ, ಪ್ರತಿ ಹಬ್ಬಕ್ಕೂ ಅರಸನ ಹೆಸರಿನ ಒಂದಿಷ್ಟು ಭಾಗವು ನೀರಿನಲ್ಲಿ ಹೋಗುತ್ತದೆ. ಹೊಳೆಯುವ ನಾಣ್ಯವು ಮಾತು ಕಳೆದುಕೊಂಡ ಸಾಕ್ಷಿ.

ಆದಕಾರಣ, ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯತಕ್ಕುದು. ತೊಳೆಯದೆ, ತಿಕ್ಕದೆ, ಒಂದೊಂದನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿರಿಸಿ, ಎಲ್ಲಿ ಸಿಕ್ಕಿತು, ಯಾರಿಂದ ಬಂದಿತು, ಜೊತೆಯಲ್ಲಿ ಏನೇನಿತ್ತು, ತೂಕವೆಷ್ಟು ಎಂಬುದನ್ನು ಮೇಲೆ ಬರೆಯತಕ್ಕುದು. ಮೆತ್ತನೆಯ ಪ್ಲಾಸ್ಟಿಕ್ ಚೀಲಗಳಲ್ಲಿ ಕೆಲವು ವರ್ಷಗಳು ಕಳೆದ ಮೇಲೆ ಆಮ್ಲವನ್ನು ಬಿಟ್ಟು ತಾಮ್ರವನ್ನು ಜಿಗುಟಾದ ಹಸುರು ಬಣ್ಣಕ್ಕೆ ತಿರುಗಿಸುವುವು ಇರುವುದರಿಂದ ಅವು ಸಲ್ಲವು. ಗಾಯಗೊಂಡ ನಾಣ್ಯವೆಂದು ಕಡೆಗಣಿಸಿ ಕರಗಿಸಲು ಕೊಡುವುದಂತೂ ಸರ್ವಥಾ ಕೂಡದು. ಎಷ್ಟೋ ವೇಳೆ ಆ ಗಾಯವೇ ಅದರ ಅತ್ಯಂತ ಬೆಲೆಯುಳ್ಳ ಅಕ್ಷರವಾಗಿರುತ್ತದೆ.

ಕಂಡ ಕಲೆಗೆ ಕೂಡಲೇ ಒಬ್ಬ ಅಪರಾಧಿಯನ್ನು ಹುಡುಕುವುದು ಮನುಷ್ಯಸ್ವಭಾವ. ಪುದುಕ್ಕೋಟೈಯ ವಿಚಾರದಲ್ಲಿ ಮಣ್ಣು, ಅಚ್ಚು, ನೇಗಿಲು, ಕಳ್ಳ ಎಂಬ ನಾಲ್ವರ ಮೇಲೆ ಬರಬಹುದಾಗಿದ್ದ ಅಪವಾದವು ಒಂದೊಂದಾಗಿ ಕಳಚಿಬಿದ್ದುದನ್ನು ಕಂಡಾಯಿತು. ಜಡವಾದ ಲೋಹದ ವಿಷಯದಲ್ಲಿಯೇ ಇಷ್ಟು ತಾಳ್ಮೆಯು ಬೇಕಾದರೆ, ನಡೆದಾಡುವ ಮನುಷ್ಯರ ಮೇಲಿನ ಕಲೆಯನ್ನು ಕುರಿತು ತೀರ್ಪು ಹೇಳುವವರಿಗೆ ಎಷ್ಟು ತಾಳ್ಮೆ ಬೇಕೆಂಬುದನ್ನು ಸಭೆಯು ತಾನೇ ಊಹಿಸಬಹುದು.